ನಲವತ್ತನೆಯ ಚಿಪ್ಪು

ಇಸವಿ ೨೩೮೭, ನೆರಳುತಿಂಗಳು, ಹತ್ತೊಂಬತ್ತನೆಯ ದಿನ
ಕರಡಿಕೊಳ್ಳದ ಕೆರೆಯ ದಂಡೆ

ಮೊದಲ ತಟ್ಟೆಯ ಅಕ್ಕನವರಿಗೆ,

ಮುನ್ನೂರ ಅರವತ್ತು ವರ್ಷ ಹಿಂದಕ್ಕೆ ಬರೆಯುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ಸೊಟ್ಟಗೆ ಕಂಡರೆ ಕ್ಷಮಿಸಬೇಕು. ನಿಮ್ಮ ಹೆಸರನ್ನು ಹುಳು ತಿಂದಿದೆ. ತಟ್ಟೆಗೆ ನೀವು ಅಂಟಿಸಿದ ಚೀಟಿಯಲ್ಲಿ ಉಳಿದಿರುವುದು 'ಶಾಲಾ ಶಿಕ್ಷಕಿ' ಎಂಬ ಎರಡು ಪದ, ಅದರ ಕೆಳಗೆ ನೀವು ಹಾಕಿಕೊಟ್ಟ ನಿಯಮ: ಪ್ರತಿವರ್ಷ ಕೆರೆಯಿಂದ ನಲವತ್ತು ಬಸವನಹುಳು, ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನೇ ಎತ್ತಬೇಕು, ಒಂದೂ ಕಡಿಮೆಯಾಗಬಾರದು. ಮೊದಲ ನಲವತ್ತನ್ನು ಎತ್ತಿ, ಚಿಪ್ಪಿನ ದಪ್ಪ ಅಳೆದು, ತಟ್ಟೆಯಲ್ಲಿ ಜೋಡಿಸಿಟ್ಟವರು ನೀವು. ನಾನು ರುದ್ರಾಣಿ, ನಿಮ್ಮ ನಂತರದ ಹದಿನಾರನೆಯ ಚಿಪ್ಪುಗಿತ್ತಿ. ಚಿಪ್ಪುಗಳನ್ನು ಅಳೆದು ಕಾಯುವವಳನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ನನಗಿಂತ ಮುಂಚೆ ನನ್ನ ಅವ್ವ ನಿಂಬೆವ್ವ ಮೂವತ್ತೊಂದು ವರ್ಷ ಆ ಕೆಲಸ ಮಾಡಿದಳು.

ನೆರಳುತಿಂಗಳೆಂದರೆ ಹೊತ್ತೇರಿದ ಮೇಲೆ ಯಾರೂ ಹೊರಗೆ ಕಾಲಿಡದ ತಿಂಗಳು. ಆಗ ಊರಿಗೆ ಊರೇ ತಟ್ಟೆಗಳನ್ನೆಲ್ಲ ಇಟ್ಟಿರುವ ಚಿಪ್ಪುಮನೆಯಲ್ಲಿರುತ್ತದೆ. ಕಲ್ಲಿನ ಗೋಡೆ ದಪ್ಪ, ಒಳಗೆ ತಂಪು. ಅಲ್ಲೇ ನವಣೆ ಅಂಬಲಿ, ಅಲ್ಲೇ ಜಗಳ, ಅಲ್ಲೇ ಬಾಣಂತನ. ನಾನೂ ನೂರಾ ಹನ್ನೆರಡನೆಯ ತಟ್ಟೆಯ ಕೆಳಗೆ ಹುಟ್ಟಿದವಳು. ಮಕ್ಕಳು ಎಣಿಕೆ ಕಲಿಯುವುದು ತಟ್ಟೆಗಳ ಮೇಲೆಯೇ. ವರ್ಷಕ್ಕೊಮ್ಮೆ ನಲವತ್ತರ ದಿನ ಬರುತ್ತದೆ. ಚಿಪ್ಪುಗಿತ್ತಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದು ಕೆಸರಿನಲ್ಲಿ ಕೈಯಾಡಿಸುತ್ತಾಳೆ, ದಂಡೆಯಲ್ಲಿ ಕೂತವರು ಒಂದೊಂದನ್ನೂ ಕೂಗಿ ಎಣಿಸುತ್ತಾರೆ. ನಲವತ್ತು ಎಂದ ಕೂಡಲೇ ಹೋಳಿಗೆ ಬಡಿಸುತ್ತಾರೆ.

ನಿಮ್ಮ ಆ ಒಂದು ನಿಯಮದಿಂದ ನಮಗೆ ಏನೆಲ್ಲ ತಿಳಿಯಿತೆಂದು ಹೇಳಬೇಕು, ಅದು ನಿಮಗೆ ಸಲ್ಲಬೇಕಾದದ್ದು. ಅರವತ್ತೊಂದನೆಯ ವರ್ಷ ಕಾಲುವೆಯಿಂದ ಕೆರೆಗೆ ಏಡಿಗಳು ಬಂದವು. ಅಲ್ಲಿಂದ ಮುಂದೆ ತಟ್ಟೆಯಿಂದ ತಟ್ಟೆಗೆ ಚಿಪ್ಪು ದಪ್ಪವಾಗುತ್ತ ಹೋಯಿತು, ನೂರು ವರ್ಷದಲ್ಲಿ ಎರಡರಷ್ಟಾಯಿತು. ಹುಳುಗಳೇ ಏಡಿಗೆ ಹೆದರಿ ಚಿಪ್ಪು ಗಟ್ಟಿ ಮಾಡಿಕೊಂಡವು, ಆ ಗಟ್ಟಿತನವನ್ನೇ ಮರಿಗಳಿಗೂ ಕೊಟ್ಟವು ಎಂದು ನಮ್ಮ ಹಿರಿಯರು ಬಹುಕಾಲ ನಂಬಿದ್ದರು. ನಿಮ್ಮ ಕಾಲಕ್ಕೂ ಮುಂಚೆ ಜಗತ್ತಿನ ದೊಡ್ಡ ಪಂಡಿತರೇ ಹಾಗೆ ನಂಬಿದ್ದರಂತೆ. ದ್ವೀಪದ ಹಕ್ಕಿಗಳ ಕೊಕ್ಕು, ಬಂಡೆಯೊಳಗಿನ ಮೂಳೆ, ಬಟಾಣಿ ಗಿಡ, ಕೊನೆಗೆ ಜೀವಕೋಶದೊಳಗಿನ ಬರಹ, ಇಷ್ಟನ್ನೂ ನೋಡಿದ ಮೇಲೆ ಬೇರೆ ದಾರಿ ಹಿಡಿದರಂತೆ. ನಮಗೆ ನಿಮ್ಮ ಮೊದಲ ತಟ್ಟೆಯೇ ಸಾಕಾಯಿತು. ಏಡಿಯ ಸುಳಿವೇ ಇಲ್ಲದ ಆ ವರ್ಷವೂ ನಲವತ್ತರಲ್ಲಿ ಮೂರು ದಪ್ಪ ಚಿಪ್ಪುಗಳಿದ್ದವು. ಚಂದದ್ದನ್ನು ಆರಿಸಿದ್ದರೆ ಆ ಮೂರನ್ನು ನೀವು ಎಸೆಯುತ್ತಿದ್ದಿರಿ, ಅಷ್ಟು ಒರಟಾಗಿವೆ. ಏಡಿ ಬಂದು ತೆಳುವಾದವನ್ನು ಒಡೆದು ತಿಂದಿತು. ಉಳಿದ ದಪ್ಪದವು ಮರಿ ಹಾಕಿದವು, ಮರಿಗಳಲ್ಲೂ ಅದೇ ದಪ್ಪ. ಯಾರೂ ಹೆದರಲಿಲ್ಲ, ಯಾರೂ ಪ್ರಯತ್ನಪಡಲಿಲ್ಲ. ಇದನ್ನು ಮೊದಲು ಕಂಡುಕೊಂಡವಳು ನನ್ನ ಅಜ್ಜಿಯ ಅಜ್ಜಿ. ಆ ಹೆಮ್ಮೆಯಲ್ಲೇ ನಮ್ಮ ಮನೆತನ ನಾಲ್ಕು ತಲೆಮಾರು ಬೀಗಿದೆ. ಬೀಗಿದ್ದು ಸಾಕಿತ್ತು.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಕೆರೆ ಅರ್ಧ ಒಣಗಿತ್ತು. ಅವ್ವನ ಮೊದಮೊದಲ ವರ್ಷಗಳಲ್ಲಿ ಬೆಳಗ್ಗೆ ಇಳಿದರೆ ಅಂಬಲಿ ಆರುವಷ್ಟರಲ್ಲಿ ನಲವತ್ತು ಮುಗಿಯುತ್ತಿತ್ತು. ಆಮೇಲೆ ಒಂದು ದಿನ, ಆಮೇಲೆ ಮೂರು ದಿನ, ಆಮೇಲೆ ಇಡೀ ವಾರ ಹಿಡಿಯಿತು. ಆದರೆ ದಫ್ತರದಲ್ಲಿ ದಪ್ಪ ಬರೆಯಲು ಜಾಗವಿತ್ತು, ಎಷ್ಟು ಹೊತ್ತು ಹುಡುಕಿದೆವೆಂದು ಬರೆಯಲು ಇರಲಿಲ್ಲ. ಹೀಗಾಗಿ ಪುಟ ತಿರುವಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತು: ನಲವತ್ತು, ನಲವತ್ತು, ನಲವತ್ತು. ನಾವು ಊರವರೆಲ್ಲ ಏನೂ ಆಗಿಲ್ಲವೆಂಬಂತೆ ಹೋಳಿಗೆ ತಿಂದೆವು.

ನಾಲ್ಕು ವರ್ಷದ ಹಿಂದೆ, ಅವ್ವನ ಕೊನೆಯ ನಲವತ್ತಕ್ಕಾಗಿ ಹುಡುಕಾಟ ಹನ್ನೆರಡು ದಿನ ನಡೆಯಿತು. ಮೂವತ್ತೊಂಬತ್ತಕ್ಕೆ ನಿಂತಿತು. ಅವ್ವ ಕಣ್ಣಿನ ಬಟ್ಟೆ ಬಿಚ್ಚಿ ದಂಡೆಯಲ್ಲಿ ಕೂತು ಹೇಳಿದಳು: "ಸಾಕ್ ಬಿಡವ್ವಾ, ಮೂವತ್ತೊಂಬತ್ತೇ ಇರ್ಲಿ. ಇದ್ದಷ್ಟು ಬರ್ಕೊಂಡ್ರಾತು." ನನಗೆ ತಡೆಯಲಾಗಲಿಲ್ಲ. ಮುನ್ನೂರ ಐವತ್ತಾರು ವರ್ಷ ಯಾರೂ ತಪ್ಪಿಸದ ಲೆಕ್ಕ ನನ್ನ ಅವ್ವನ ಹೆಸರಿನಲ್ಲಿ ತಪ್ಪಬೇಕೇ? ಅವಳು ಒಂದು ಕಡಿಮೆ ಇಟ್ಟವಳೆಂದು ಊರು ಆಡಿಕೊಳ್ಳಬೇಕೇ? ಮರುದಿನ ಒಬ್ಬಳೇ ಹೋಗಿ, ಕೆರೆಯ ನಟ್ಟನಡುವೆ ಉಳಿದಿದ್ದ ಗುಂಡಿಗೆ ಇಳಿದು, ಸಂಜೆಯವರೆಗೆ ತಡಕಿ ನಲವತ್ತನೆಯದನ್ನು ತಂದೆ. ಅಂಗೈ ತುಂಬುವಷ್ಟು ದೊಡ್ಡದು, ನಾವು ಅಳೆದವುಗಳಲ್ಲೆಲ್ಲ ದಪ್ಪ. ಊರು ಕುಣಿಯಿತು. ಪ್ರತಿವರ್ಷ ಮಾಡುವಂತೆ, ಹುಳು ತೆಗೆದು ಚಿಪ್ಪು ಉಳಿಸಿಕೊಳ್ಳಲು ನಾನೇ ಅದನ್ನು ಕುದಿಯುವ ನೀರಿಗೆ ಹಾಕಿದೆ.

ಈ ಜಾತಿಯ ಹುಳು ಮೊಟ್ಟೆ ಇಡುವುದಿಲ್ಲ, ಚಿಪ್ಪಿನೊಳಗೇ ಮರಿ ಬೆಳೆಸುತ್ತದೆ. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು, ಗೊತ್ತಿರಲಿಲ್ಲವೆಂದು ಸುಳ್ಳು ಹೇಳಲಾರೆ. ಬೇಯಿಸಿ ತೆಗೆದಾಗ ಒಳಗೆ ಹದಿನೇಳು ಮರಿಗಳಿದ್ದವು, ಒಂದೊಂದಕ್ಕೂ ಜೋಳದ ಕಾಳಿಗಿಂತ ಸಣ್ಣ ಚಿಪ್ಪು ಆಗಲೇ ಮೂಡಿತ್ತು. ಅವ್ವ ಅವನ್ನೂ ಅಳೆದಳು. ಹದಿನೇಳರಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಒಂದಂತೂ ಹಾಳೆಯಷ್ಟು ತೆಳು. ಕೆರೆಯಲ್ಲಿ ಏಡಿಗಳು ಸತ್ತು ಎರಡು ವರ್ಷವಾಗಿತ್ತು, ಮುಂದಿನ ಕಾಲ ತೆಳುವಿನದೇ ಆಗುತ್ತಿತ್ತೋ ಏನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಗಾದೆಯನ್ನು ಈಗ ನನ್ನೆದುರು ಯಾರೂ ಆಡುವುದಿಲ್ಲ.

ಆಮೇಲೆ ಕೆರೆಯಲ್ಲಿ ಒಂದೂ ಸಿಕ್ಕಿಲ್ಲ. ಅವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ದಿನವೂ ನಸುಕಿನಲ್ಲಿ ಎದ್ದು ಹೋಗಿ, ಕಣ್ಣು ಮುಚ್ಚಿ ಕೆಸರಿನಲ್ಲಿ ಕೈಯಾಡಿಸಿ, ಬಿಸಿಲೇರುವ ಮುಂಚೆ ಬರಿಗೈಯಲ್ಲಿ ಬಂದು ಗೋಡೆಗೊರಗಿ ಕೂರುತ್ತಾಳೆ. ನಾನು ಅವಳ ಉಗುರಿನ ಕೆಸರು ತೊಳೆಯುತ್ತೇನೆ.

ಅಕ್ಕಾ, ನಿಮ್ಮ ಮೇಲೆ ತಪ್ಪು ಹೊರಿಸಲು ಬರೆದದ್ದಲ್ಲ. ಆಗ ಕೆರೆಯಲ್ಲಿ ಲಕ್ಷ ಲಕ್ಷ ಇದ್ದವು, ನಲವತ್ತು ನಿಮಗೆ ಯಾವ ಲೆಕ್ಕ! ಆದರೆ ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ನೀವು ಇನ್ನೂ ಆ ಚೀಟಿ ಬರೆಯದೇ ಇದ್ದರೆ, 'ಒಂದೂ ಕಡಿಮೆಯಾಗಬಾರದು' ಎಂಬ ಮಾತನ್ನು ಬಿಟ್ಟುಬಿಡಿ. ಅದರ ಬದಲು, ಸಿಗುವುದು ಕಷ್ಟವಾದರೆ ಬಿಟ್ಟು ಬನ್ನಿ ಎಂದು ಬರೆಯಿರಿ. ನಾನು ಅವ್ವನ ಮಾತನ್ನು ಮೀರಿದೆ. ನಿಮ್ಮ ಮಾತನ್ನು ಮೀರುತ್ತಿರಲಿಲ್ಲ.