ಕೈ ಭಾರ

೪ ಜುಲೈ ೧೯೮೩, ಸೋಮವಾರ. ಹಾನಗಲ್ಲ

ಬೆಳಗಿನ ಇಂಜೆಕ್ಷನ್ ಆಯಿತು. ಸರಕಾರಿ ದವಾಖಾನೆಯ ಕರೆವ್ವ ಸಿಸ್ಟರ್ ಮನೆಗೇ ಬಂದು ಏರಿಸಿ ಹೋದಳು. ಇವರ ಎಡ ಮೊಣಕೈ ಹತ್ತಿರ ಒಳಹೊಕ್ಕ ಪ್ಲಾಸ್ಟಿಕ್ ನಳಿಗೆ ರಕ್ತನಾಳದೊಳಗೇ ಎದೆಯವರೆಗೆ ಹೋಗಿದೆಯಂತೆ.

ಹೃದಯದ ಕವಾಟಕ್ಕೆ ಸೋಂಕು. ಇನ್ನೂ ಮೂರು ವಾರ ಪೆನ್ಸಿಲಿನ್ ಬೇಕು. ಹುಬ್ಬಳ್ಳಿ ಡಾಕ್ಟರ್ ಬಿಡಲು ಒಲ್ಲೆ ಅಂದಿದ್ದರು. ಇವರದೇ ಹಟ— "ಸ್ನಾನ ಇಲ್ಲ, ಸಂಧ್ಯಾ ಇಲ್ಲ, ಪರಾನ್ನ ಬ್ಯಾರೆ. ಮನೀಗೆ ಒಯ್ಯಿ ತುಳಸಾ."

ಡಾಕ್ಟರ್ ನನ್ನನ್ನು ಬದಿಗೆ ಕರೆದು ಹೇಳಿದ್ದು ಕಿವಿಯಲ್ಲೇ ಇದೆ. "ನಳಿಗಿಗೆ ನೀರು ತಾಕಬಾರದ್ರಿ. ಕೈ ಬಾತರ, ಕೆಂಪು ಗೆರಿ ಎದ್ದರ, ಥಂಡಿ ಹತ್ತಿ ಜ್ವರ ಬಂದರ, ತಡಾ ಮಾಡಬ್ಯಾಡ್ರಿ."

ದಿನಾ ನೋಡುತ್ತೇನೆ. ಇವತ್ತು ಏನೂ ಇಲ್ಲ.

೬ ಜುಲೈ, ಬುಧವಾರ

ಪಾತ್ರೆ ತಿಕ್ಕುವಾಗ ಮತ್ತೆ ಕುಲಸುಮಬಿಯ ದನಿ. ಹಿಂದೆ ಹೊರಳಿ ನೋಡಿದೆ. ಹುಚ್ಚಿ ನಾನು.

ಸವಣೂರಿನ ದಸ್ತಗೀರಸಾಬರ ಹೆಂಡತಿ. ಹುಬ್ಬಳ್ಳಿ ದವಾಖಾನೆಯಲ್ಲಿ ನಮ್ಮ ಎದುರಿನ ಕೋಣೆ. ಅವಳ ಕೈಗೂ ಇಂಥದೇ ನಳಿಗೆ. ಅವತ್ತು ನಳದ ಹತ್ತಿರ ಸಿಕ್ಕು ಅಂದಳು— "ಬಾಯಾರ, ಕೈ ಭಾರ ಆಗೇತ್ರಿ. ಯಾರದೋ ಕೈ ಹೊತ್ಕೊಂಡು ತಿರಗಿದಂಗ ಆಗೇತಿ."

ನಕ್ಕೆವು ಇಬ್ಬರೂ. ಮರುದಿನ ಚಹಾದ ಕಿಟ್ಲಿ ತಗೊಳ್ಳಲು ಮಂಚದಿಂದ ಎದ್ದಳು. ನಿಂತವಳು ಹಾಗೇ ಕುಸಿದಳು, ಮತ್ತೆ ಏಳಲೇ ಇಲ್ಲ. ನಳಿಗೆಯ ಸುತ್ತ ರಕ್ತ ಹೆಪ್ಪುಗಟ್ಟಿತ್ತಂತೆ, ಅದು ಕಿತ್ತು ಪುಪ್ಪುಸಕ್ಕೆ ಹೋಯಿತಂತೆ. ಅವಳ ಗಂಡ ಕಿಟ್ಲಿ ಹಿಡಿದುಕೊಂಡೇ ನಿಂತಿದ್ದ…

೮ ಜುಲೈ, ಶುಕ್ರವಾರ

ಇವರು ಸ್ನಾನ ಮಾಡಿದರು! ಜಗಳ ಆಡಿದೆ. "ಎಡಗೈ ಹೊರಗ ಇಟ್ಟೀನಲ್ಲ ಮಾರಾಯ್ತಿ, ಸಾಕು ಮಾಡು." ಮಡಿ ಉಟ್ಟು ಕುಂತು, ಅಂಗೈಯಲ್ಲಿ ಗೋಪಿಚಂದನ ತೇಯ್ದು, ನಾಮ ಹಚ್ಚಿಕೊಂಡು, ಎದೆಗೆ, ತೋಳಿಗೆ ಮುದ್ರೆ ಒತ್ತಿಕೊಂಡರು. ಎಷ್ಟು ದಿನದ ಮೇಲೆ ನನ್ನ ಗಂಡನ ಹಾಗೆ ಕಂಡರು. ಸುಳ್ಳು ಯಾಕೆ, ಕಣ್ಣು ತುಂಬಿ ಬಂತು. ಇನ್ನು ಉಳಿದರು ಅನ್ನಿಸಿತು.

೧೧ ಜುಲೈ, ಸೋಮವಾರ

ಮುದ್ರೆ ಈಗ ಮುದ್ರೆಯಾಗಿ ಉಳಿದಿಲ್ಲ. ಎಡತೋಳು ಹೆಗಲತನಕ ಬರೀ ಗೋಪಿಚಂದನ. "ನಾಮಾ ಹಚ್ಚೀರೋ, ಗ್ವಾಡಿ ಸಾರಸೀರೋ?" ಅಂದೆ. ನಕ್ಕರು. "ತಂಪನಸ್ತದ."

ಕರೆವ್ವ ಬಂದಾಗ ಮಡಿಯಲ್ಲಿದ್ದರು. ಶಲ್ಯದೊಳಗಿಂದ ನಳಿಗೆಯ ತುದಿ ಮಾತ್ರ ಹೊರಗೆ ಚಾಚಿದರು. "ಮಧ್ವೇಶ ಮಾಸ್ತರ್ರ, ತೋಳ ತೋರಸ್ರಿ. ಪಟ್ಟಿ ಬಿಚ್ಚಿ ಎಷ್ಟ ದಿನಾ ಆತು?" ಇವರು "ನಾಳೆ" ಅಂದರು. ಅವಳು ಬಿಡಲಿಲ್ಲ. ನಾನೇ ನಡುವೆ ಬಂದೆ— "ಇರ್ಲಿ ಬಿಡವಾ, ಮಡಿಯೊಳಗ ಇದ್ದಾರ."

ನಾನೇ ಅಂದೆ.

೧೪ ಜುಲೈ, ಗುರುವಾರ. ಮಧ್ಯಾಹ್ನ

ಬರೆಯದಿದ್ದರೆ ಕೂಗಿಬಿಡುತ್ತೇನೆ.

ಊಟಕ್ಕೆ ಕೂತವರಿಗೆ ಥಂಡಿ ಹತ್ತಿತು. ಹಲ್ಲು ಕಟಕಟ. "ಮಳಿ ಥಂಡಿ, ಮತ್ತೇನಿಲ್ಲ," ಅಂದರು. ಕೌದಿ ಹೊದಿಸಿದೆ. ಆಮೇಲೆ ಮೆಲ್ಲಗೆ— "ತುಳಸಾ, ಕೈ ಭಾರ ಆಗೇದ."

ಅದೇ ಮಾತು. ಅವಳದೇ ಮಾತು, ಇವರ ಬಾಯಲ್ಲಿ.

ಮಡಿ ಗಿಡಿ ನೋಡಲಿಲ್ಲ. ಸೆರಗು ಒದ್ದೆ ಮಾಡಿ ತೋಳು ಒರೆಸಿದೆ. ಗೋಪಿಚಂದನ ಕರಗಿ ಇಳಿಯಿತು. ಕೆಳಗೆ ತೋಳು ಬಾತು ಮಿರಿಮಿರಿ ಮಿಂಚುತ್ತಿತ್ತು. ಮೊಣಕೈಯಿಂದ ಕಂಕುಳತನಕ ಕೆಂಪು ಗೆರೆ.

"ಯಾವಾಗಿಂದ?"

"ಶನಿವಾರದಿಂದ. ಹೇಳಿದ್ರ ಮತ್ತ ಅಲ್ಲೇ ಒಯ್ತಿದ್ದಿ. ಆ ಸವಣೂರಿನಾಕಿ ಬಿದ್ದಲ್ಲೇ."

"ನಿಮ್ಮ ಮಡೀಗೆ ಬೆಂಕಿ ಹಚ್ಚ!" ಅಂದೆ. ಜೀವನದಲ್ಲಿ ಮೊದಲ ಸಲ. ನನ್ನ ಮಡಿಗೂ ಸೇರಿಸಿಯೇ ಅಂದೆ. ಹೆದರಿಕೆ ಇವರಿಗೂ ಇತ್ತು, ನನ್ನಷ್ಟೇ ಇತ್ತು. ನಾನು ಕೇಳಲಿಲ್ಲ.

ಓಡಿ ಕರೆವ್ವನನ್ನು ಕರೆತಂದೆ. ನೋಡಿದವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜೀಪ್ ತರ್ತೇನ್ರಿ. ಅಲ್ಲೀತನಾ ಮಾಸ್ತರ್ರನ್ನ ಏಳಾಕ ಬಿಡಬ್ಯಾಡ್ರಿ ಬಾಯಾರ. ಎತ್ತೇ ಒಯ್ಯೂನು."

ಹೊಸ್ತಿಲ ಮೇಲೆ ಕೂತಿದ್ದೇನೆ. ಒಂದು ಕಣ್ಣು ಓಣಿಗೆ, ಒಂದು ಕಣ್ಣು ಒಳಗೆ. ಮಂಚದ ಅಂಚಿನಲ್ಲಿ ಯಾರೋ ಕೂತ ಹಾಗೆ… ಹೆಣ್ಣುಮಗಳು. ನೋಡುವುದಿಲ್ಲ. ಇವರ ಮುಖ ಅಷ್ಟೇ ನೋಡುತ್ತೇನೆ.

ಮಳೆ ನಿಂತಿದೆ. ಓಣಿಯ ಆ ಕಡೆ ಜೀಪಿನ ಸದ್ದು. ಹೌದು, ಜೀಪೇ. ರಾಯರೇ, ಬಂತು.

ಇವರಿಗೂ ಕೇಳಿಸಿತು. "ಬಂತೇನು? ತಡಿ, ದೇವರಿಗೆ ಒಂದು ನಮಸ್ಕಾರ ಮಾಡಿ—"

ಮಂಚ ಕಿರ್ ಅಂದಿತು.

ಏಳಬ್ಯಾಡ್ರಿ, ನಾ ಬಂದೆ, ಏಳ—