ಯಾರೂ ಹುಡುಕದ ಆಟ

ಕ್ಲಾಸ್ ಟೀಚರ್ ಅವರಿಗೆ ನಮಸ್ಕಾರ.

ನಮ್ಮ ಗುಬ್ಬಿಗೆ ಆಟಿಸಂ ಇರುವುದನ್ನು ಶಾಲೆಗೆ ಸೇರಿಸುವಾಗಲೇ ತಿಳಿಸಿದ್ದೆ. ನಿನ್ನೆ ಶಾಲೆ ಬಿಟ್ಟು ಎಷ್ಟು ಹೊತ್ತಾದರೂ ಅವಳು ಮನೆಗೆ ಬರಲಿಲ್ಲ. ಹುಡುಕಿಕೊಂಡು ಬಂದೆ. ಕಾವಲುಗಾರರು ಮುರಿದ ಬೆಂಚುಗಳ ಕೋಣೆ ತೆರೆದಾಗ ಒಳಗೆ ಕೂತಿದ್ದಳು. ಬಟ್ಟೆ ಒದ್ದೆಯಾಗಿತ್ತು. ಕಣ್ಣಾಮುಚ್ಚಾಲೆ ಎಂದು ಅವಳನ್ನು ಅಲ್ಲಿ ಅಡಗಿಸಿ, ಹೊರಗಿನಿಂದ ಚಿಲಕ ಹಾಕಿ, ಮಕ್ಕಳೆಲ್ಲ ಮನೆಗೆ ಹೋಗಿದ್ದರಂತೆ. ಪಕ್ಕದ ಮನೆಯಲ್ಲಿರುವ ಅವಳ ಸಹಪಾಠಿಯನ್ನು ಕೇಳಿದೆ. “ಅವಳಿಗೆ ಬೇಜಾರೆಲ್ಲ ಆಗಲ್ಲ ಆಂಟಿ, ನಾವು ದಿನಾ ಊಟದ ಬಿಡುವಲ್ಲೂ ಹೀಗೇ ಆಡ್ತೀವಿ” ಎಂದಳು.

ಸ್ನಾನ ಮಾಡಿಸುವಾಗ ಗುಬ್ಬಿ, “ಅಮ್ಮಾ, ನಾನೇ ಗೆದ್ದೆ. ಯಾರ ಕೈಗೂ ಸಿಗಲಿಲ್ಲ” ಎಂದಳು. ನಾನು ಹೌದೆಂದೆ.

ಯಾರಿಗೂ ಹೊಡೆಯಬೇಡಿ. ಇವತ್ತೂ ಆಡಬೇಕೆಂದು ಅವಳು ಬೇಗನೆ ಎದ್ದು ಹೊರಟು ನಿಂತಿದ್ದಾಳೆ. ದಯವಿಟ್ಟು, ಅವಳನ್ನು ಹುಡುಕಲು ಯಾರಾದರೂ ಒಬ್ಬರನ್ನು ಕಳಿಸಿ.

ಇತಿ,
ಗುಬ್ಬಿಯ ಅಮ್ಮ