ಈ ಆಷಾಢ ನಿನ್ನ ಹಾಸಿಗೆಯ ಪಕ್ಕ

ಆಲಸನತ್ತಂ, ಹೊಸೂರು
22 ಜೂನ್ 2025

ನನ್ನ ಮುದ್ದು ಅಮ್ಮಾ,

ಫೋನಿನಲ್ಲಿ ಆಪರೇಷನ್ ಎಂದರೆ ಸಾಕು, ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಪತ್ರ! ಇಂಗ್ಲಿಷ್ ಸ್ಕೂಲಿನ ಈ ಹುಡುಗಿಯನ್ನು ಗುಮ್ಮಳಾಪುರದ ಜಗಲಿಯಲ್ಲಿ ಕೂರಿಸಿ ಕನ್ನಡ ತಿದ್ದಿಸಿದವಳು ನೀನು. ತಪ್ಪುಗಳಿದ್ದರೆ ಹೊಣೆಯೂ ನಿನ್ನದೇ.

ಮದುವೆಯಾಗಿ ಐದು ವಾರ. ಕುಮಾರೇಶ್, ಅಯ್ಯೋ ಹೆಸರು ಬರೆಯುವುದಕ್ಕೇ ಎಷ್ಟು ಖುಷಿ, ಫ್ಯಾಕ್ಟರಿಯಿಂದ ಬರುವ ಬೈಕಿನ ಸದ್ದಿಗೇ ನಾನು ಬಾಗಿಲಲ್ಲಿ. ಅತ್ತೆ ಛೇಡಿಸುತ್ತಾರೆ: "ಇನ್ನು ನಾಕೇ ದಿನ ಕಣಮ್ಮ. ಆಷಾಢದಾಗೆ ಅತ್ತೆ ಸೊಸೆ ಒಂದೇ ಹೊಸ್ಲು ದಾಟಂಗಿಲ್ಲ. ತವರಿಗೆ ಹೊಂಟೋಗು!"

ಆ ತಿಂಗಳು ನನಗೆ ಏನೇನು ಮಾಡಿ ಹಾಕಬೇಕೆಂದು ನೀನು ಆಗಲೇ ಲೆಕ್ಕ ಹಾಕಿರುತ್ತೀಯ. ಅದಕ್ಕೇ ಅಲ್ಲವೇ ಡಾಕ್ಟರಿಗೆ, "ಮಗ್ಳು ಬತ್ತಾಳೆ ಸಾರ್, ಶ್ರಾವಣ ಬರ್ಲಿ" ಎಂದದ್ದು?

ಮೊನ್ನೆ ನಾನೊಬ್ಬಳೇ ಹೋಗಿ ಅವರನ್ನು ಕೇಳಿದೆ. ಎಲ್ಲರಿಗೂ ಹೊಟ್ಟೆಯ ಸುತ್ತ ಹುರುಳಿಕಾಳಿನಂಥ ಸಣ್ಣ ಗಂಟುಗಳು ಹುಟ್ಟಿನಿಂದಲೇ ಇರುತ್ತವಂತೆ. ಕ್ಯಾನ್ಸರ್ ಜಠರದ ಮೇಲ್ಭಾಗದಲ್ಲಿದ್ದರೆ ಸಾಮಾನ್ಯವಾಗಿ ಮೇಲಿನ ಗಂಟುಗಳಿಗೆ, ಕೆಳಭಾಗದಲ್ಲಿದ್ದರೆ ಕೆಳಗಿನವಕ್ಕೆ ಮೊದಲು ಹರಡುತ್ತದಂತೆ. ನಿನ್ನದು ಕೆಳಗೆ. ಆ ಭಾಗವನ್ನೂ ಅದರ ಬಳಿಯ ಗಂಟುಗಳನ್ನೂ ತೆಗೆಯುತ್ತಾರೆ, ಮೇಲಿನ ಹೊಟ್ಟೆ ನಿನಗೇ ಉಳಿಯುತ್ತದೆ.

ಅವರು ಚಿತ್ರ ಬರೆಯುತ್ತಿದ್ದರೆ ನನಗೆ ನಮ್ಮ ತೋಟವೇ ಕಾಣುತ್ತಿತ್ತು ಅಮ್ಮ. ಎಂಟು ವರ್ಷದ ನಾನು ಕಾಲುವೆಯ ಬದು ಒಡೆದು ಓಡಿಬಂದ ದಿನ ನೆನಪಿದೆಯಾ? ನೀನು ಅನ್ನ ಕಲೆಸುತ್ತಿದ್ದವಳು ತಲೆಯನ್ನೂ ಎತ್ತದೆ ಕೇಳಿದೆ: "ಎಲ್ಲಿ ಒಡದೆ, ಮೇಲಾ ಕೆಳಗಾ?" ಮೇಲೆ ಎಂದೆ. "ಹಂಗಾದ್ರೆ ಕೋಸಿನ ಪಾತಿ ಮುಳುಗ್ತದೆ, ಕೊತ್ತಂಬರಿಗೆ ಇನ್ನೂ ಹೋಗಿರಕಿಲ್ಲ, ನಡಿಯೇ ಕತ್ತೆ!" ಸೆರಗು ಸಿಕ್ಕಿಸಿ ನೀನು ಓಡಿದ ಓಟ! ಕೆಸರಲ್ಲಿ ಇಬ್ಬರೂ ಬಿದ್ದು ನಕ್ಕೆವು. ಕೊತ್ತಂಬರಿ ಉಳಿಯಿತು. ಅಂದು ನೀನು ಊಟ ಮುಗಿಯಲಿ ಎನ್ನಲಿಲ್ಲ.

ಆಷಾಢಕ್ಕೆ ನಾನು ತವರಿಗೆ ಬರಲೇಬೇಕು. ನೀನಿರುವಲ್ಲೇ ನನ್ನ ತವರು. ವಾರ್ಡಿನಲ್ಲಿ ಚಾಪೆ ಹಾಸಿಕೊಂಡು ನಿನ್ನ ಪಕ್ಕ ಮಲಗುತ್ತೇನೆ. ಈ ಸಲ ಗಂಜಿ ಕಾಸಿ ಕುಡಿಸುವುದು ನಾನು, ಗೊಣಗುವುದು ನೀನು.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಕತ್ತೆ,
ಶ್ಯಾಮಲಾ

ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಸ್ಕ್ಯಾನಿನಲ್ಲಿ ಎರಡು ಗಂಟು ಆಗಲೇ ಊದಿವೆ. ಶ್ರಾವಣದವರೆಗೆ ಕಾಯುವುದು ಬೇಡ ಎಂದರು. ಜುಲೈ ಮೂರಕ್ಕೆ ನಿನ್ನ ಹೆಸರು ಬರೆಸಿ ಬಂದಿದ್ದೇನೆ, ಅಮ್ಮ ಒಪ್ಪಿದ್ದಾಳೆ ಎಂದು ಸುಳ್ಳು ಹೇಳಿ. ಅದನ್ನು ನಿಜ ಮಾಡಮ್ಮ.